ಕ್ವಿಂಟಲ್ ಎಂದು ಬರೆಯದಿದ್ದರೆ ಕಿಲೋ ಆಗುತ್ತದೆ

ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಹಂತಹಂತವಾಗಿ ಮಾಡುವ ತಂತ್ರಾಂಶ) ಬಳಸುವ ಟೂಲ್‌ಗಳಿಗೆ, ಅಂದರೆ ಅದು ಕರೆದು ಕೆಲಸ ಮಾಡಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳಿಗೆ, ವಿವರಣೆ ಬರೆಯುವ ಬಗೆಗಿನ ನಿಮ್ಮ ಲೇಖನ ಓದಿದೆ. ಟೂಲ್‌ನ ಹೆಸರು ಸ್ಪಷ್ಟವಾಗಿದ್ದರೆ ಸಾಕು, ಉಳಿದದ್ದನ್ನು ಏಜೆಂಟ್ ತಾನೇ ಊಹಿಸಿಕೊಳ್ಳುತ್ತದೆ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಊಹಿಸಿಕೊಳ್ಳುತ್ತದೆ, ನಿಜ, ತೊಂದರೆ ಶುರುವಾಗುವುದೇ ಅಲ್ಲಿಂದ. ಸಾಗರ ಪಟ್ಟಣದಲ್ಲಿ ಕುಳಿತು ಅಡಿಕೆ ಲೆಕ್ಕದ ತಂತ್ರಾಂಶ ಬರೆಯುವವನು ನಾನು. ದರ ತರುವ ಟೂಲ್‌ಗೆ ನಾನು ಕೊಟ್ಟಿದ್ದ ವಿವರಣೆ ‘ಇಂದಿನ ಅಡಿಕೆ ದರ ನೀಡುತ್ತದೆ’ ಎಂಬ ಒಂದೇ ಸಾಲು. ಅದು ತರುತ್ತಿದ್ದುದು ಕ್ವಿಂಟಲ್ ದರ. ಏಜೆಂಟ್ ಕಿಲೋ ದರವೆಂದು ತಿಳಿದು, ಮೂರು ಮೂಟೆ ‘ರಾಶಿ’ ಎಂಬ ಬಗೆಯ ಅಡಿಕೆಗೆ ಹೆಚ್ಚುಕಡಿಮೆ ಒಂದು ಕೋಟಿ ರೂಪಾಯಿ ಕಟ್ಟಿತು. ಪರದೆ ನೋಡಿದ ಚಿಕ್ಕಪ್ಪ, ‘ಈ ದರಕ್ಕೆ ನೀನೇ ಕೊಂಡುಬಿಡು ಮಾರಾಯ’ ಎಂದರು.

ಟೂಲ್ ಆರಿಸುವಾಗ ಮಾದರಿಯ (ಏಜೆಂಟ್‌ನ ಮಿದುಳಾದ ಭಾಷಾ ಮಾದರಿಯ) ಮುಂದಿರುವುದು ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಅಷ್ಟೇ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಎಐ ತಂತ್ರಾಂಶಗಳಿಗೆ ಟೂಲ್‌ಗಳನ್ನು ಜೋಡಿಸಲೆಂದು 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಮಾನದಂಡದಲ್ಲೂ ಇದೇ ಕತೆ. ಈಗ ನನ್ನ ವಿವರಣೆ ಹೀಗಿದೆ: ದರ ಕ್ವಿಂಟಲ್‌ಗೆ, ರೂಪಾಯಿಗಳಲ್ಲಿ, ಬಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಇವುಗಳಲ್ಲೊಂದು, ಉತ್ತರ ಖಾಲಿ ಬಂದರೆ ಅಂದು ವಹಿವಾಟಿಲ್ಲ ಎಂದರ್ಥ, ದರ ಸೊನ್ನೆ ಎಂದಲ್ಲ. (ಈ ಕೊನೆಯದನ್ನು ಸೇರಿಸುವವರೆಗೆ ಭಾನುವಾರ ಅಡಿಕೆ ಪುಕ್ಕಟೆ!)

ವಿವರಣೆಯನ್ನು ಪುಟಗಟ್ಟಲೆ ಬರೆಯಬೇಡಿ ಎಂದಿದ್ದೀರಲ್ಲ, ಅದಕ್ಕೆ ನನ್ನ ಒಪ್ಪಿಗೆಯಿದೆ. ಪ್ರತಿ ಸಂಭಾಷಣೆಯಲ್ಲೂ ಆ ವಿವರಣೆಗಳು ಮಾದರಿ ಒಮ್ಮೆಗೆ ಓದಬಲ್ಲ ಸೀಮಿತ ಜಾಗವನ್ನು ತಿನ್ನುತ್ತವೆ. ಆದರೆ ‘ಕ್ವಿಂಟಲ್‌ಗೆ’ ಎಂಬ ಒಂದು ಪದ ಎಷ್ಟು ಜಾಗ ತಿಂದೀತು?