ಬೇಕಾಗಿದ್ದಾರೆ: ಅಚ್ಚುಕಟ್ಟಾದ ಬಡವರು

ಕಡಿಮೆ ಬೆಲೆಗೆ ಮನೆ ಕೊಡುವ ಸೇವಾ ಸಂಸ್ಥೆಗಳ ಅರ್ಜಿ ಫಾರಂ ಓದಿದ್ದೀರಾ? ಓದಿ. ಮನೆ ಸಿಗದಿದ್ದರೂ ಬಡವ ಹೇಗಿರಬೇಕು ಅನ್ನೋದಾದರೂ ಗೊತ್ತಾಗುತ್ತದೆ. ಅವನ ಆದಾಯ ಕಡಿಮೆ ಇರಬೇಕು, ಆದರೆ ತಿಂಗಳು ತಪ್ಪದೆ ಬರಬೇಕು. ಕೈಯಲ್ಲಿ ದುಡ್ಡಿರಬಾರದು, ಬ್ಯಾಂಕಿನಲ್ಲಿ ಉಳಿತಾಯ ಇರಬೇಕು. ತಲೆ ಮೇಲೆ ಸಾಲ ಇರಬಾರದು, ಆದರೆ ಸಾಲ ಮಾಡಿ ಸರಿಯಾಗಿ ತೀರಿಸಿದ ದಾಖಲೆ ಬೇಕು. ಹುಟ್ಟಿದಾಗಿನಿಂದ ಒಬ್ಬರ ಹತ್ತಿರವೂ ಕೈಚಾಚದವನಿಗೆ ಕ್ರೆಡಿಟ್ ಸ್ಕೋರೇ ಇರೋದಿಲ್ಲ. ಅಂಥವನನ್ನು ನಂಬೋದು ಹೇಗೆ?

ಹಾಗಂತ ಇವರ ಉದ್ದೇಶ ಕೆಟ್ಟದ್ದೇನಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ಶುರುಮಾಡಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಅನ್ನೋ ಇಂಥದ್ದೇ ಸೇವಾ ಸಂಸ್ಥೆ ಮುಖ್ಯವಾಗಿ ನೋಡುವುದು ಮೂರು ವಿಷಯ. ಮನೆಯ ಅಗತ್ಯ ಇರಬೇಕು, ಕಂತು ಕಟ್ಟುವ ಶಕ್ತಿ ಇರಬೇಕು, ಸಂಸ್ಥೆಯ ಜೊತೆ ಸೇರಿ ದುಡಿಯುವ ಮನಸ್ಸಿರಬೇಕು. ಕೇಳೋಕೆ ಎಷ್ಟು ಚೆಂದ, ಅಲ್ವಾ? ತೊಂದರೆ ಇರೋದು ಮೊದಲ ಎರಡರ ನಡುವಿನ ಸಂದಿಯಲ್ಲಿ. ಅಗತ್ಯ ಜಾಸ್ತಿ ಇದ್ದವನಿಗೆ ಶಕ್ತಿ ಸಾಲದು. ಶಕ್ತಿ ಒಂಚೂರು ಜಾಸ್ತಿಯಾದರೆ ಅಗತ್ಯವೇ ಇಲ್ಲ. ಉಳಿತಾಯ ತೋರಿಸಬೇಕಲ್ಲ ಅಂತ ಎರಡು ತಿಂಗಳು ಓವರ್‌ಟೈಮ್ ಮಾಡಿದಿರೋ, ಆದಾಯದ ಮಿತಿ ದಾಟಿ ನೀವೀಗ ಅನುಕೂಲಸ್ಥರು. ನಿಮಗೇ ಗೊತ್ತಿರಲಿಲ್ಲ, ಅಷ್ಟೆ.

ಇನ್ನು ಶೇಕಡಾ 30ರ ಲೆಕ್ಕ. ಅಮೆರಿಕದ ಸರ್ಕಾರಿ ವಸತಿಗಳಲ್ಲಿ ಬಾಡಿಗೆ ಆದಾಯದ ಶೇ 25 ದಾಟಬಾರದು ಅಂತ 1969ರಲ್ಲಿ ಕಾನೂನು ಮಾಡಿದರು. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಬಡವರ ಮೇಲೆ ಭಾರ ಬೀಳದಿರಲಿ ಅಂತ ಹುಟ್ಟಿದ ಲೆಕ್ಕ ಇದು. ಈಗ ಅದೇ ಲೆಕ್ಕ, ಮನೆಯ ಕಂತೂ ಆದಾಯದ ಶೇ 30 ದಾಟಬಾರದು ಅಂತ, ಬಾಗಿಲಲ್ಲಿ ಕಾವಲಿಗೆ ನಿಂತಿದೆ. ಸಂಬಳದ ಅರ್ಧವನ್ನು ವರ್ಷಗಟ್ಟಲೆ ಬಾಡಿಗೆಗೆ ಸುರಿಯುತ್ತಿರುವ ಹೆಂಗಸು ಬಂದು ಕೂರುತ್ತಾಳೆ ಅಂದುಕೊಳ್ಳಿ. ಮನೆಯ ಕಂತು ಅವಳ ಸಂಬಳದ ಶೇ 35.

"ನಿಮ್ಮಿಂದ ಇಷ್ಟು ಕಟ್ಟೋಕಾಗಲ್ಲ ಅಮ್ಮಾ."

"ಈಗ ಇದಕ್ಕಿಂತ ಜಾಸ್ತಿನೇ ಕಟ್ತಿದ್ದೀನಲ್ಲ ಸಾರ್?"

"ಅದು ಬಾಡಿಗೆ."

ಆಕೆಗೆ ಹೊರೆಯಾಗಬಾರದು ಅನ್ನೋ ಕಾಳಜಿಯಿಂದ ಅರ್ಜಿ ತಿರಸ್ಕರಿಸಲಾಗುತ್ತದೆ. ಆಕೆ ಹೋಗಿ ಆ ತಿಂಗಳ ಬಾಡಿಗೆ ಕಟ್ಟುತ್ತಾಳೆ.

ಕಾಗದಪತ್ರದ ಕಥೆ ಬೇರೆ. ಅಣ್ಣ ಖಾತೆಗೆ ಸ್ವಲ್ಪ ದುಡ್ಡು ಹಾಕಿದ್ದರೆ ಅದು ಎಲ್ಲಿಂದ ಬಂತು, ವಾಪಸ್ ಕೊಡಬೇಕಾ ಬೇಡವಾ ಅಂತ ಅವನ ಕೈಯಲ್ಲೇ ಪತ್ರ ಬರೆಸಿ ತರಬೇಕು. ಪತ್ರ ಬರುವಷ್ಟರಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಹಳೆಯದಾಗಿರುತ್ತದೆ. ಹೊಸದು ತೆಗೆಸಿದರೆ ಅದರಲ್ಲಿ ತಂಗಿ ಹಾಕಿದ ದುಡ್ಡು!

ಎಲ್ಲಕ್ಕಿಂತ ರುಚಿಯಾದದ್ದು ಮನೆ ಭೇಟಿ. ನೀವು ಈಗಿರುವ ಮನೆ ಎಷ್ಟು ಕೆಟ್ಟದಾಗಿದೆ ಅಂತ ನೋಡಲು ಸಮಿತಿಯವರು ಬರುತ್ತಾರೆ. ಈಗ ಹೇಳಿ, ಹಿಂದಿನ ದಿನ ಮನೆ ಗುಡಿಸಬೇಕಾ ಬೇಡವಾ? ಗುಡಿಸಿದರೆ "ಚೆನ್ನಾಗೇ ಇದೆಯಲ್ಲ" ಅಂತಾರೆ. ಬಿಟ್ಟರೆ "ಇವರು ಹೊಸ ಮನೆ ಇಟ್ಟುಕೊಳ್ಳೋದು ಹೀಗೇನಾ" ಅಂತಾರೆ. ಸೋರುವ ಸೂರಿನ ಕೆಳಗೆ ಬಕೆಟ್ ಇಡುವುದಂತೂ ದೊಡ್ಡ ಪೇಚು. ಬಕೆಟ್ ಅರ್ಧ ತುಂಬಿದ್ದರೆ ಒಳ್ಳೆಯದು ಅಂತ ನನ್ನ ಅಂದಾಜು. ಗೋಡೆಯ ಬೂಷ್ಟು ಕಾಣಬೇಕು, ಅದನ್ನು ಉಜ್ಜಿ ಸೋತ ಗುರುತೂ ಕಾಣಬೇಕು. ಇಷ್ಟೆಲ್ಲ ಹೊಂದಿಸಿಟ್ಟ ದಿನವೇ ಬಿಸಿಲು ಬಂದು ಸೂರು ಸೋರುವುದು ನಿಲ್ಲುತ್ತದೆ.

ಇದನ್ನೆಲ್ಲ ದಾಟಿದವರು ಕಟ್ಟಡದ ಕೆಲಸಕ್ಕೆ ನೂರಾರು ಗಂಟೆ ಬೆವರು ಸುರಿಸಬೇಕು. ತಪ್ಪೇನಿಲ್ಲ, ತಮ್ಮ ಮನೆಗೆ ತಾವೇ ಇಟ್ಟಿಗೆ ಹೊತ್ತರೆ ಖುಷಿಯೇ. ಆದರೆ ಎರಡು ಕಡೆ ಕೆಲಸ ಮಾಡುವವರು ಆ ಗಂಟೆಗಳನ್ನು ಎಲ್ಲಿಂದ ತರಬೇಕು? ಒಂದು ಕೆಲಸ ಬಿಟ್ಟರೆ ಗಂಟೆ ಸಿಗುತ್ತದೆ, ಕಂತು ಕಟ್ಟುವ ಶಕ್ತಿ ಹೋಗುತ್ತದೆ. ಮತ್ತೆ ಒಂದನೇ ಪುಟಕ್ಕೆ.

ಕೊನೆಯ ಪುಟದಲ್ಲಿ ಇನ್ನೊಂದು ಸಹಿ ಕೇಳುವವರೂ ಇದ್ದಾರೆ. ಬೀಗದ ಕೈ ಕೊಡುವ ದಿನ ನಿಮ್ಮ ಕುಟುಂಬ ನಗುತ್ತಿರುವ ಫೋಟೋವನ್ನು ಸಂಸ್ಥೆಯ ಪ್ರಚಾರಕ್ಕೆ ಬಳಸಲು ಒಪ್ಪಿಗೆ. ಇಡೀ ಫಾರಂನಲ್ಲಿ ಇದೊಂದಕ್ಕೆ ಮಾತ್ರ ಯಾವ ದಾಖಲೆಯನ್ನೂ ಲಗತ್ತಿಸಬೇಕಾಗಿಲ್ಲ.