ಮೂರು ದಿನ ಕೂಡಿಹಾಕಿದರೆ ಕುಡಿತ ಬಿಡುತ್ತಾರಾ? ಒಂದು ಸ್ಪಷ್ಟನೆ

ತೀರ್ಥಹಳ್ಳಿ, ಹೊಸನಗರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಕುಡಿಯುವವರನ್ನು ಮೂರು ದಿನ ಕೋಣೆಯಲ್ಲಿ ಕೂಡಿಹಾಕಿ, ಒಂದು ಹನಿಯೂ ಕೊಡಬೇಡಿ, ನಾಲ್ಕನೇ ದಿನ ಚಟವೇ ಇರುವುದಿಲ್ಲ ಅಂತ. ಗೊತ್ತಾಗದ ಹಾಗೆ ಸಾರಿಗೆ ಕುಡಿತ ಬಿಡಿಸುವ ಪುಡಿ ಬೆರೆಸಿ ಅನ್ನುವ ಸಲಹೆಯೂ ಇದೆ.

ಇದು ಸುಮ್ನೆ ತಪ್ಪಲ್ಲ, ಜೀವಕ್ಕೆ ಅಪಾಯ.

ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರ ಮಿದುಳು ಮದ್ಯಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲೇ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಕೆಲವರಿಗೆ ಜ್ವರ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಮನೆಯವರ ಗುರುತೇ ಸಿಗುವುದಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುವವರೂ ಇದ್ದಾರೆ. ಆದರೆ ಇದು ಡೆಲಿರಿಯಂ ಟ್ರೆಮೆನ್ಸ್, ಅಂದರೆ ಕುಡಿತ ಒಮ್ಮೆಲೇ ನಿಂತಾಗ ಬರುವ ತೀವ್ರ ಕಾಯಿಲೆ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಬಾಗಿಲು ಹಾಕಿ ಅನ್ನುವುದು ಇದೇ ದಿನಗಳಲ್ಲಿ ಅಲ್ವಾ?

ಆಸ್ಪತ್ರೆಯಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾರೆ. ಜೊತೆಗೆ ಬಿ1 ವಿಟಮಿನ್. ಅದಾದ ಮೇಲೂ ಆಸೆ ತಿಂಗಳುಗಟ್ಟಲೆ ಕಾಡುತ್ತದೆ. ಅದಕ್ಕೆ ಆಪ್ತಸಮಾಲೋಚನೆ, ಬೇಕಾದರೆ ಬೇರೆ ಮಾತ್ರೆ.

ಇನ್ನು ಆ ಪುಡಿ. ಏನಿದೆ ಅಂತ ಹೇಳದೆ ಮಾರುವುದನ್ನು ಊಟಕ್ಕೆ ಹಾಕಬೇಡಿ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಎಂಬ ಔಷಧಿ ಅದರಲ್ಲಿ ಇದ್ದರಂತೂ, ತಿಳಿಯದೆ ಅದರ ಮೇಲೆ ಕುಡಿದವರ ಬಿಪಿ ಕುಸಿಯಬಹುದು.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಫಿಟ್ಸ್ ಬಂದರೆ ಕಾಯಲೇಬೇಡಿ, 108ಕ್ಕೆ ಕರೆ ಮಾಡಿ.