ಬೆಟ್ಟಕ್ಕೂ ಬೇಸಿಗೆ ರಜೆ

ಈ ವರ್ಷವೂ ಪ್ರಕಟಣೆ ತಪ್ಪಲಿಲ್ಲ. ಕಾಡ್ಗಿಚ್ಚಿನ ಭೀತಿ, ಮುಂದಿನ ಆದೇಶದವರೆಗೆ ಚಾರಣ ನಿಷೇಧ, ಸಾರ್ವಜನಿಕರು ಸಹಕರಿಸಬೇಕು. ಕುಮಾರಪರ್ವತ, ಕುದುರೆಮುಖ ಎಲ್ಲ ಬಂದ್. ಆ ಮುಂದಿನ ಆದೇಶ ಬರುವುದು ಮಳೆ ಹಿಡಿದ ಮೇಲೆ. ಮಕ್ಕಳಿಗೆ ರಜೆ ಇರುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಶಾಲೆಯ ಗೇಟು ಮುಚ್ಚುವ ಹೊತ್ತಿಗೆ ಕಾಡಿನ ಗೇಟೂ ಮುಚ್ಚಿರುತ್ತದೆ. ಶಾಲೆ ಶುರುವಾಗಿ ಯೂನಿಫಾರಂ ಹೊಲಿಸಿ ಆಗುವಷ್ಟರಲ್ಲಿ ಕಾಡು ತೆರೆಯುತ್ತದೆ. ಎರಡು ಸರ್ಕಾರಿ ಇಲಾಖೆಗಳು ಇಷ್ಟು ಹೊಂದಾಣಿಕೆಯಿಂದ ಕೆಲಸ ಮಾಡುವುದನ್ನು ಬೇರೆ ಯಾವ ವಿಷಯದಲ್ಲೂ ಕಂಡವರಿಲ್ಲ, ಸನ್ಮಾನ ಮಾಡಬೇಕು.

ಹಾಗಂತ ಹದಿಹರೆಯದವರಿಗೆ ಎರಡು ತಿಂಗಳು ಪೂರ್ತಿ ರಜೆ ಇದೆ ಎಂದುಕೊಂಡರೆ ಅದೂ ಭ್ರಮೆ. ಏಪ್ರಿಲ್‌ನಲ್ಲಿ ಸಿಇಟಿ. ಮೇ ಮೊದಲ ಭಾನುವಾರದ ಹೊತ್ತಿಗೆ ನೀಟ್. ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಪರೀಕ್ಷೆ-1ರಲ್ಲಿ ಎಡವಿದವರಿಗೆ ಬೇಸಿಗೆಯಲ್ಲೇ ಪರೀಕ್ಷೆ-2. ಪಾಸಾದವರಿಗೆ ಶಿಕ್ಷೆಯಾಗಿ ಮುಂದಿನ ತರಗತಿಯ ಕೋಚಿಂಗು. ಇದೆಲ್ಲ ಕಳೆದು ಕುಟುಂಬದ ಕೈಗೆ ಸಿಗುವುದು ಮೇ ತಿಂಗಳ ನಡುವಿನ ಎರಡು ಚಿಲ್ಲರೆ ವಾರ. ಅದು ಭರಣಿ ಮುಗಿದು ಕೃತ್ತಿಕೆ ಕೂಡುವ ಕಾಲ. ಬೆಳಿಗ್ಗೆ ನೆತ್ತಿ ಸುಡುವ ಬಿಸಿಲು, ಮಧ್ಯಾಹ್ನ ಎರಡರ ಮೇಲೆ ಗುಡುಗು ಸಿಡಿಲು. ಬೋಳು ಗುಡ್ಡದ ನೆತ್ತಿಯಲ್ಲಿ ಆ ಹೊತ್ತಿಗೆ ಸೆಲ್ಫಿ ತೆಗೆಯುತ್ತ ನಿಂತವರಿಗಿಂತ ಎತ್ತರದ ವಸ್ತು ಸುತ್ತಮುತ್ತ ಇರುವುದಿಲ್ಲ. ಆದ್ದರಿಂದ ಐದೂವರೆಗೆ ಹೊರಟು ಹತ್ತರೊಳಗೆ ಇಳಿದಿರಬೇಕು. ಹದಿನಾರರ ಹುಡುಗನನ್ನು ರಜೆಯಲ್ಲಿ ನಾಲ್ಕೂವರೆಗೆ ಎಬ್ಬಿಸುವುದು ಹೇಗೆ ಎಂಬುದಕ್ಕೆ ಯಾವ ಇಲಾಖೆಯಲ್ಲೂ ಮಾರ್ಗಸೂಚಿ ಇಲ್ಲ.

ಇನ್ನು ನಾಯಿ. ನಾಯಿಯನ್ನು ಬಿಟ್ಟು ಬರುವುದಿಲ್ಲ ಎಂದು ಮಗಳು ಹಟ ಹಿಡಿದಿದ್ದಾಳೆ ಎಂದಿಟ್ಟುಕೊಳ್ಳಿ. ರೈಲಿನಲ್ಲಿ ಒಯ್ಯಬಹುದೇ? ಧಾರಾಳವಾಗಿ. ಫಸ್ಟ್ ಎಸಿಯಲ್ಲಿ ಇಬ್ಬರ ಕೂಪೆಯೋ ನಾಲ್ವರ ಕ್ಯಾಬಿನ್ನೋ ಇಡಿಯಾಗಿ ನಿಮ್ಮದಾಗಬೇಕು, ಅಷ್ಟೆ. ನಿಮ್ಮದಾಯಿತೋ ಇಲ್ಲವೋ ಎಂಬುದು ತಿಳಿಯುವುದು ಚಾರ್ಟ್ ಸಿದ್ಧವಾದ ಮೇಲೆ. ಅದಾದ ಮೇಲೆ ಲಸಿಕೆಯ ಪುಸ್ತಕ ಹಿಡಿದು ಪಾರ್ಸೆಲ್ ಕಚೇರಿಗೆ ಹೋಗಿ ನಾಯಿಯನ್ನು ಬುಕ್ ಮಾಡಿಸಬೇಕು. ಟು ಟಯರ್, ತ್ರಿ ಟಯರ್, ಸ್ಲೀಪರ್‌ನಲ್ಲಿ ದೊಡ್ಡ ನಾಯಿಗೆ ಪ್ರವೇಶವಿಲ್ಲ. ಕೂಪೆ ಸಿಗದಿದ್ದರೆ ಗಾರ್ಡ್ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆಗೆ ತುಂಬಬಹುದು. ಮೇ ತಿಂಗಳಲ್ಲಿ, ರಾತ್ರಿಯಿಡೀ, ಆ ಗೂಡಿನಲ್ಲಿ. ನಿಯಮ ಬರೆದವರು ಒಮ್ಮೆ ಅದರಲ್ಲಿ ಕೂತು ಅರಸೀಕೆರೆಯವರೆಗೆ ಹೋಗಿಬಂದಿದ್ದರೆ ಚೆನ್ನಾಗಿತ್ತು.

ಬಸ್ಸು ವಾಸಿ ಎನ್ನುತ್ತೀರಾ? 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳ ಕತೆ ನೆನಪಿರಬೇಕು. ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಟಿಕೆಟ್ ಉಚಿತ, ಪಂಜರದಲ್ಲಿದ್ದ ನಾಲ್ಕು ಹಕ್ಕಿಗಳಿಗೆ ತಲಾ 111 ರೂಪಾಯಿಯಂತೆ 444. ಹಕ್ಕಿಗಳನ್ನು ಮಕ್ಕಳ ಲೆಕ್ಕಕ್ಕೆ ಹಿಡಿದರಂತೆ. ಅವುಗಳಲ್ಲಿ ಹೆಣ್ಣೆಷ್ಟು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಆಧಾರ್ ಎಲ್ಲಿಂದ ತರುವುದು? ಆ ಟಿಕೆಟ್ ಹರಿದ ಕಂಡಕ್ಟರ್ ಬಗ್ಗೆ ನನಗೆ ನಿಜವಾಗಿಯೂ ಗೌರವವಿದೆ. ಸುತ್ತೋಲೆ ಪಾಲಿಸಿದ ಅಪರೂಪದ ಮನುಷ್ಯ, ಊರೆಲ್ಲ ನಕ್ಕಿತು.

ಕೊನೆಗೆ ಉಳಿಯುವುದು ಸ್ವಂತ ಕಾರು. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ. ತಿಂಡಿಗೆ ಇಳಿದಾಗ ನಾಯಿಯನ್ನು ಕಾರಲ್ಲೇ ಬಿಟ್ಟು ಗಾಜು ಎರಡಿಂಚು ಇಳಿಸಿದರೆ ಸಾಕು ಎಂಬುದು ಶುದ್ಧ ತಪ್ಪು. ಹೊರಗೆ 30 ಡಿಗ್ರಿ ಇದ್ದರೆ ಒಳಗೆ ಹತ್ತಿಪ್ಪತ್ತು ನಿಮಿಷದಲ್ಲಿ 40 ದಾಟುತ್ತದೆ, ಗಾಜಿನ ಸಂದಿಯಿಂದ ಏನೂ ಆಗುವುದಿಲ್ಲ. ಯಾರಾದರೊಬ್ಬರು ಹೊರಗೆ ನೆರಳಲ್ಲಿ ನಾಯಿ ಹಿಡಿದು ನಿಲ್ಲಲೇಬೇಕು.

ನೀರಿನ ಲೆಕ್ಕವನ್ನೂ ಮೊದಲೇ ಹಾಕಿ. ನಾಲ್ಕು ಗಂಟೆ ಏರಿಳಿಯಲು ತಲೆಗೆ ಎರಡೂವರೆ ಲೀಟರ್, 20 ಕಿಲೋ ತೂಗುವ ನಾಯಿಗೆ ಒಂದೂವರೆ. ನಾಲ್ವರ ಕುಟುಂಬಕ್ಕೆ ಹನ್ನೊಂದೂವರೆ ಲೀಟರ್, ಅಂದರೆ ಹನ್ನೊಂದೂವರೆ ಕಿಲೋ. ಹೊರುವವರು ಯಾರು? ಮಕ್ಕಳ ಬ್ಯಾಗಿನಲ್ಲಿ ಪವರ್‌ಬ್ಯಾಂಕು, ಹೆಡ್‌ಫೋನು ಮತ್ತು ಸ್ಪೀಕರು. ಬೇಸಿಗೆಯಲ್ಲಿ ದಾರಿಯ ತೊರೆ ಬತ್ತಿರುತ್ತದೆ, ಮೇಲೆ ಸಿಗುತ್ತದೆ ಎಂಬ ನೆಚ್ಚಿಕೆ ಬೇಡ. ಬಂಡೆಯ ಮೇಲೆ ಅಂಗೈಯ ಹಿಂಬದಿ ಇಟ್ಟು ಏಳು ಎಣಿಸುವಷ್ಟು ಹೊತ್ತು ತಡೆಯಲಾಗದಿದ್ದರೆ ನಾಯಿಯ ಪಾದವೂ ತಡೆಯದು, ವಾಪಸ್ ತಿರುಗಿ. ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ವಸಡು ಇಟ್ಟಿಗೆ ಕೆಂಪಾದರೆ ಅದು ದಣಿವಲ್ಲ, ಬಿಸಿಲಿನ ಹೊಡೆತ. ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದಿಗೆ ತಣ್ಣೀರು ಸುರಿದು ಗಾಳಿ ಹಾಕಿ, ಮೈಮೇಲೆ ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಶಾಖ ಒಳಗೇ ನಿಲ್ಲುತ್ತದೆ. ಮೂಗು ಚಪ್ಪಟೆಯಿರುವ ಪಗ್ ಜಾತಿಯದಂತೂ ಬೆಟ್ಟದ ಪ್ರಾಣಿಯೇ ಅಲ್ಲ. ಮಾರತ್ತಹಳ್ಳಿಯ ಮೂರನೇ ಮಹಡಿಯಲ್ಲಿ ಹಿಮದ ನಾಡಿನ ಹಸ್ಕಿ ನಾಯಿ ಸಾಕುವವರಿಗೆ ಏನು ಹೇಳುವುದೋ ತಿಳಿಯದು.

ನಾಯಿಯನ್ನು ಅಭಯಾರಣ್ಯದೊಳಗೆ ಬಿಡುವುದಿಲ್ಲ, ಬಿಡಲೂಬಾರದು. ಇದರಲ್ಲಿ ಇಲಾಖೆಯನ್ನು ಗೇಲಿ ಮಾಡಲು ಏನೂ ಇಲ್ಲ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಾಣು ಅವುಗಳಲ್ಲಿ ಹಲವಕ್ಕೆ ತಗಲಿತ್ತು. ನಮ್ಮ ಕಾಡಿನ ಸೀಳುನಾಯಿಗೂ ಅದೇ ಗತಿ ಬರಬಹುದು. ಲಸಿಕೆ ಹಾಕಿಸಿ, ಹಗ್ಗ ಹಿಡಿದು, ಗುರುತಿನ ಚೀಟಿ ಸಮೇತ ಬಂದ ನಾಯಿಯನ್ನು ಚೆಕ್‌ಪೋಸ್ಟ್‌ನಲ್ಲಿ ತಡೆಯುತ್ತಾರೆ, ಸರಿ. ವ್ಯೂಪಾಯಿಂಟಿನಲ್ಲಿ ಪ್ರವಾಸಿಗರು ಎಸೆದ ಬಿರಿಯಾನಿ ಪೊಟ್ಟಣ ತಿಂದು ಬೆಳೆದ ಬೀದಿನಾಯಿಗಳ ಹಿಂಡು ಅದೇ ಚೆಕ್‌ಪೋಸ್ಟಿನ ಪಕ್ಕದಿಂದ ದಿನಕ್ಕೆ ನಾಲ್ಕು ಸಲ ಒಳಗೆ ಹೋಗಿ ಬರುತ್ತದೆ. ಅವು ಸ್ಥಳೀಯರು, ಅವಕ್ಕೆ ರಿಯಾಯಿತಿ ಇರಬೇಕು.

ಬೇಸಿಗೆಯ ಮಲೆನಾಡಿನಲ್ಲಿ ನಾಯಿ ಇದ್ದವರು ಹೆದರಬೇಕಾದ್ದು ಗಾರ್ಡಿಗಲ್ಲ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಚಳಿಗಾಲದ ಕೊನೆಯಿಂದ ಮೇವರೆಗೆ ಜೀವ ತೆಗೆಯುತ್ತಿದೆ, ಹರಡುವುದು ಉಣುಗಿನಿಂದ. ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿಯಿರುವ ಊರಿನ ಕಾಡಿಗೆ ಕಾಲಿಡಬೇಡಿ. ಒಣಗಿದ ಎಲೆರಾಶಿಯ ಮೇಲೆ ಕೂರಬೇಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗನ್ನು ದೂರವಿಡಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಹಚ್ಚಿ. ವಾಪಸ್ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ. ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ ಹುಡುಕಿ. ಕಚ್ಚಿಕೊಂಡದ್ದನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕುವುದು, ಬೆಂಕಿಕಡ್ಡಿ ತಾಗಿಸುವುದು ಎರಡೂ ಕೂಡದು. ವಾರದೊಳಗೆ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಕಾಡಿಗೆ ಹೋಗುವಂತಿಲ್ಲವಲ್ಲ, ಎಲ್ಲಿಗೆ ಎಂದಿರಾ? ಸರ್ಕಾರ ದಾರಿ ತೋರಿದೆ. ರಾಜ್ಯದ ಅತ್ಯಂತ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಅಲ್ಲಿಗೆ ಕಾರಿನಲ್ಲಿ ಹೋಗಬಹುದು. ಸ್ಲಾಟ್ ಬುಕ್ ಮಾಡಿ, ಹಾರ್ನ್ ಬಾರಿಸುತ್ತ ಸಾಲಿನಲ್ಲಿ ನಿಂತು, ಕೊನೆಯ ಮೆಟ್ಟಿಲುಗಳನ್ನಷ್ಟೇ ಹತ್ತಿದರೆ ಮಕ್ಕಳಿಗೆ ಪರ್ವತಾರೋಹಣವಾಯಿತು. ನಡೆದು ಬರುವವನಿಂದ ಕಾಡಿಗೆ ಅಪಾಯ, ಡೀಸೆಲ್ ಉಗುಳುತ್ತ ಬರುವವನಿಗೆ ಸ್ವಾಗತ ಕಮಾನು. ಗುಡ್ಡ ಕೆತ್ತಿ ಕಟ್ಟಿದ ರೆಸಾರ್ಟಿನಲ್ಲಿ ರಾತ್ರಿ ಹತ್ತರವರೆಗೆ ಕ್ಯಾಂಪ್‌ಫೈರ್ ಉಂಟು. ಆ ಬೆಂಕಿ ಬೇರೆ ಜಾತಿಯದು, ಹುಲ್ಲನ್ನು ಸುಡುವುದಿಲ್ಲ.

ಬೆಂಕಿಯ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ಹುಲ್ಲುಗಾವಲಿನ ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೇ ಓಡುತ್ತದೆ, ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿಕೊಟ್ಟಿರುತ್ತದೆ. ಅದನ್ನು ತಡೆಯುವುದು ಬೇಸಿಗೆಗೆ ಮುಂಚೆ ಹುಲ್ಲು ಸವರಿ ಬೋಳು ಮಾಡಿದ ಪಟ್ಟಿ, ಅಂದರೆ ಬೆಂಕಿರೇಖೆ, ಮತ್ತು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವ ವಾಚರ್‌ಗಳು. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಸುಟ್ಟು ಸತ್ತರು. ದಿನಗೂಲಿ ಮೇಲೆ ಇಡೀ ಗುಡ್ಡ ಕಾಯುವವನಿಗೆ ಒಳ್ಳೆಯ ಬೂಟು ಕೊಡಿ, ಸಂಬಳ ತಿಂಗಳಿಗೆ ಸರಿಯಾಗಿ ಕೊಡಿ ಎಂದು ಪ್ರತಿ ವರ್ಷ ಕೇಳಬೇಕೇ? ನಿಷೇಧದ ಪ್ರಕಟಣೆಗೆ ಒಂದು ಹಾಳೆ ಸಾಕು, ಅದಕ್ಕೇ ಅದು ಮೊದಲು ಬರುತ್ತದೆ. ಹತ್ತು ಮಕ್ಕಳ ಗುಂಪಿಗೊಬ್ಬ ಗೈಡ್ ಹಾಕಿ, ಬೆಂಕಿಪೊಟ್ಟಣ ಗೇಟಿನಲ್ಲೇ ಇಸಿದುಕೊಂಡು, ಬೆಂಕಿರೇಖೆಯುದ್ದಕ್ಕೂ ನಡೆಸಿ ತೋರಿಸಿದ್ದರೆ ಆ ಮಕ್ಕಳಿಗೆ ಕಾಡು ಯಾಕೆ ಉರಿಯುತ್ತದೆಂದು ಗೊತ್ತಾಗುತ್ತಿತ್ತು. ಅದಕ್ಕೆ ಜನ ಬೇಕು. ಜನರನ್ನು ತೆಗೆದುಕೊಳ್ಳುವುದಿಲ್ಲ.

ಇರಲಿ, ಮಳೆ ಹಿಡಿದ ಮೇಲೆ ಕಾಡು ತೆರೆಯುತ್ತದೆ. 2024ರ ಗಣರಾಜ್ಯೋತ್ಸವದ ವಾರಾಂತ್ಯ ಕುಮಾರಪರ್ವತದಲ್ಲಿ ಜಾತ್ರೆ ನೆರೆದ ಮೇಲೆ ದಿನಕ್ಕೆ 300 ಮಂದಿಯ ಮಿತಿ ಬಂದಿದೆ, ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಕಾದಿರಿಸಬೇಕು. ಭಾನುವಾರದ ಟಿಕೆಟ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಬೇಸಿಗೆಗೆಂದು ಕೊಂಡ ಬೂಟು ಬಂಡೆಯ ಪಾಚಿ ಮೇಲೆ ಜಾರುತ್ತದೆ, ಆಳವಾದ ಹಲ್ಲಿನ ಅಟ್ಟೆಯದು ಬೇಕು. ಉಂಬಳಕ್ಕೆ ಮೊಣಕಾಲವರೆಗಿನ ಬಿಗಿ ನೇಯ್ಗೆಯ ಕಾಲುಚೀಲ, ಬಟ್ಟೆಯಲ್ಲಿ ಕಟ್ಟಿದ ಉಪ್ಪು. ಉಂಬಳಗಳಿಗೆ 300ರ ಮಿತಿ ಅನ್ವಯಿಸುವುದಿಲ್ಲ. ನಾಯಿಯನ್ನು ದಿನದ ಲೆಕ್ಕದಲ್ಲಿ ಬೋರ್ಡಿಂಗಿಗೆ ಬಿಡಬೇಕು, ನಾಯಿಯಿಂದ ನಾಯಿಗೆ ಹರಡುವ ಕೆನ್ನೆಲ್ ಕೆಮ್ಮಿನ ಲಸಿಕೆ ಹಾಕಿಸದಿದ್ದರೆ ಅವರೂ ಸೇರಿಸಿಕೊಳ್ಳುವುದಿಲ್ಲ. ಮಕ್ಕಳು ಬರುವುದಿಲ್ಲ, ಸೋಮವಾರ ಯೂನಿಟ್ ಟೆಸ್ಟ್.